ಹೆದ್ದಾರಿಯ ಧೂಳು, ಅಟ್ಟದ ಧೂಳು

ಅದು ಕ್ಷಯ ಇರಬಹುದಿತ್ತು. ನಾಯಿಕೆಮ್ಮು ಇರಬಹುದಿತ್ತು. ಹುಣಸೆಬೀಜವನ್ನೋ ಪೆನ್ನಿನ ಮುಚ್ಚಳವನ್ನೋ ನುಂಗಿ ಅದು ಶ್ವಾಸನಾಳದಲ್ಲಿ ಸಿಕ್ಕಿಕೊಂಡಿರಬಹುದಿತ್ತು. ಹೃದಯದಲ್ಲಿ ತೂತಿರಬಹುದಿತ್ತು, ಹುಟ್ಟಿದಾಗ ನೋಡಿದ ಡಾಕ್ಟರು ಏನೋ ಅವಸರದಲ್ಲಿದ್ದರು ಎಂದು ನನಗೆ ಆಗಲೇ ಅನುಮಾನವಿತ್ತು. ನ್ಯುಮೋನಿಯಾ ಆಗಿದ್ದನ್ನು ನಾವು ನೆಗಡಿ ಎಂದುಕೊಂಡು ಮೆಣಸಿನ ಕಷಾಯ ಕುಡಿಸುತ್ತಾ ಕೂತಿರಬಹುದಿತ್ತು. ಆಸ್ಪತ್ರೆಗೆ ಹೊರಟ ಆಟೊ ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದಿತ್ತು. ಮಗುವಿನ ಮುಖಕ್ಕೆ ನೆಬ್ಯುಲೈಸರಿನ ಮಾಸ್ಕ್ ಇಟ್ಟ ಹೊತ್ತಿಗೇ ಕರೆಂಟು ಹೋಗಿ, ಅದೇ ಹೊತ್ತಿಗೆ ಯುಪಿಎಸ್ಸೂ ಕೈಕೊಟ್ಟು, ಜನರೇಟರಿನ ಕೀಲಿ ಇಟ್ಟುಕೊಂಡವನು ಟೀ ಕುಡಿಯಲು ಹೋಗಿರಬಹುದಿತ್ತು. ಸ್ಟೀರಾಯ್ಡಿನಿಂದ ಮಗು ಎತ್ತರ ಬೆಳೆಯದೇ ಹೋಗಬಹುದಿತ್ತು, ಮುಖ ಊದಿಕೊಳ್ಳಬಹುದಿತ್ತು. ಬಾಯಿಗೆ ಹೊಡೆಯುವ ಔಷಧಿಯ ಪಂಪು ಖಾಲಿಯಾಗಿರುವುದು ಗೊತ್ತಾಗದೆ ಬರೀ ಗಾಳಿ ಹೊಡೆಯುತ್ತಿರಬಹುದಿತ್ತು. ಸ್ಕೂಲಿನಲ್ಲಿ ಉಸಿರು ಕಟ್ಟಿ ಕೈ ಎತ್ತಿದರೆ ಮಿಸ್ಸು ‘ನಾಟಕ ಆಡ್ಬೇಡ, ಕೂತ್ಕೋ’ ಅನ್ನಬಹುದಿತ್ತು. ಇದೆಲ್ಲ ಆದಾಗ ನಾನು ಮೀಟಿಂಗಿನಲ್ಲಿದ್ದು ಫೋನು ಸೈಲೆಂಟ್ ಇರಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ.

ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಏನೇನು ಕೆಡಬಹುದು ಎಂದು ಕೆಡುವ ಮೊದಲೇ ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಕೊಡದಿದ್ದರೂ ಯೋಚಿಸುತ್ತಿದ್ದೆ, ಈ ಗುಟ್ಟು ಇನ್ನೂ ಮ್ಯಾನೇಜ್‌ಮೆಂಟಿಗೆ ಗೊತ್ತಾಗಿಲ್ಲ. ಹೆಂಡತಿ ಗಿರಿಜ ಹೇಳುವ ಪ್ರಕಾರ ನಮ್ಮ ಮದುವೆಯ ದಿನ ತಾಳಿ ಕಟ್ಟುವ ಮುಂಚೆ ನಾನು ಶಾಮಿಯಾನದ ಗೂಟ ಅಲ್ಲಾಡಿಸಿ ನೋಡಿದ್ದೆನಂತೆ. ಇಂಥವನಿಗೆ ಮೂವತ್ತೆಂಟು ದಾಟಿದ ಮೇಲೆ ಒಬ್ಬಳೇ ಮಗಳು ಹುಟ್ಟಿ, ಆ ಮಗಳಿಗೆ ಉಬ್ಬಸ ಬಂದರೆ ಏನಾಗುತ್ತದೆ ಎಂಬುದೇ ಈ ಬರಹ. ಧೈರ್ಯ ತುಂಬುವುದಕ್ಕೆ ಬರೆಯುತ್ತಿಲ್ಲ. ಇದ್ದರೆ ತಾನೇ ತುಂಬುವುದು. ಆಸ್ಪತ್ರೆಯ ಬೆಂಚಿನ ಮೇಲೆ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವರಿಗೆ, ಪಕ್ಕದ ಜಾಗದಲ್ಲಿ ನಾನೂ ಕೂತಿದ್ದೇನೆ, ನಿಮಗಿಂತ ಹೆಚ್ಚು ಹೆದರಿದ್ದೇನೆ ಎಂದು ತಿಳಿದರೆ ಅಷ್ಟು ಸಾಕು.

ನಮ್ಮ ಬಾಡಿಗೆ ಮನೆ ತುಮಕೂರಿನ ಬಟವಾಡಿಯಲ್ಲಿ, ಹೆದ್ದಾರಿಗೆ ಹತ್ತಿರ. ಬೆಳಿಗ್ಗೆ ಒರೆಸಿದ ಕಿಟಕಿಯ ಕಟ್ಟೆಯ ಮೇಲೆ ಮಧ್ಯಾಹ್ನ ಬೆರಳಿನಲ್ಲಿ ಹೆಸರು ಬರೆಯಬಹುದು. ಮಗಳು ಪೂರ್ವಿ ಅಕ್ಷರ ಕಲಿತಿದ್ದೇ ಆ ಧೂಳಿನಲ್ಲಿ. ಎಲ್‌ಕೆಜಿಗೆ ಸೇರಿದ ವರ್ಷ ಅವಳಿಗೆ ನೆಗಡಿ ಬಂದರೆ ಹೋಗುತ್ತಿರಲಿಲ್ಲ. ಕೆಮ್ಮು ಬಂದು ಇರುತ್ತಿತ್ತು, ನೆಂಟರ ಹಾಗೆ. ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತಾ ಕೂತಿದ್ದವಳ ಎದೆಯಿಂದ ಸಣ್ಣಗೆ ಸುಂಯ್ ಎಂದು ಸದ್ದು ಬಂತು. ನಾನು ಕುಕ್ಕರ್ ಇರಬೇಕೆಂದು ಅಡುಗೆಮನೆಗೆ ಹೋಗಿ ನೋಡಿಬಂದೆ. ಒಲೆ ಹಚ್ಚಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲೇ ಮಕ್ಕಳ ಕ್ಲಿನಿಕ್ಕು. ಗೋಡೆಯ ತುಂಬ ಜಿರಾಫೆ, ಆನೆ, ನಗುವ ಸೂರ್ಯ. ಅದರ ಕೆಳಗೆ ಸಾಲಾಗಿ ಕೂತ ಮಕ್ಕಳ ಮುಖಕ್ಕೆ ಹಸಿರು ಮಾಸ್ಕು, ಮಾಸ್ಕಿನಿಂದ ಬಿಳೀ ಹೊಗೆ, ಮೂಲೆಯಲ್ಲಿ ಮಷೀನಿನ ಗುಂಯ್. ಯಾವ ಮಗುವೂ ಅಳುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ. ಅವಕ್ಕೆಲ್ಲ ಅಭ್ಯಾಸವಾಗಿತ್ತು.

ಪಕ್ಕದಲ್ಲಿ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದರು.

“ಮೊದಲ್ನೇ ಸಲಾನಾ ಅಣ್ಣ?”

“ಹೌದಮ್ಮ.”

“ಹೆದರ್ಕಂಡಿದೀರ.”

“ಇಲ್ಲ, ಹಂಗೇನಿಲ್ಲ.”

“ಹೆದರ್ಕಳಿ, ಪರವಾಗಿಲ್ಲ. ನಾನು ಕುಣಿಗಲ್ಲಿಂದ ಇವನ್ನ ಕರ್ಕಂಡು ವರ್ಷಗಟ್ಲೆಯಿಂದ ಹೆದರ್ಕಂಡೇ ಬತ್ತಾ ಇದೀನಿ. ಬಸ್ಸಲ್ಲಿ ಸೀಟ್ ಸಿಕ್ಕುದ್ರೆ ಅರ್ಧ ಕಮ್ಮಿಯಾಯ್ತದೆ.” ತಮ್ಮ ಬ್ಯಾಗಿನಿಂದ ಒಂದು ಕರ್ಚೀಫು ತೆಗೆದು ಕೊಟ್ಟರು. “ತಗಳಿ, ಮಾಸ್ಕಿನ ಅಂಚಿಗೆ ಇಟ್ಕೊಳಿ. ಇಲ್ದಿದ್ರೆ ಕೆನ್ನೆ ಕೊರೀತದೆ ಮಗೀಗೆ.”

ಆ ಕರ್ಚೀಫು ನಮ್ಮ ಮನೆಯಲ್ಲೇ ಉಳಿಯಿತು. ಆ ತಾಯಿಯನ್ನು ಮತ್ತೆ ನೋಡಲಿಲ್ಲ. ನೋಡದಿರುವುದು ಒಳ್ಳೆಯ ಸುದ್ದಿ ಎಂದುಕೊಳ್ಳುತ್ತೇನೆ. ಬೇರೆ ಥರ ಯೋಚಿಸಲೂ ನನಗೆ ಚೆನ್ನಾಗಿ ಬರುತ್ತದೆ, ಆದರೆ ಅದೊಂದು ವಿಷಯದಲ್ಲಿ ಯೋಚಿಸುವುದಿಲ್ಲ.

ಡಾಕ್ಟರಮ್ಮ ಮೊದಲ ದಿನ ಕಾಯಿಲೆಯ ಹೆಸರು ಹೇಳಲಿಲ್ಲ. ಎರಡನೆಯ ಸಲವೂ ಹೇಳಲಿಲ್ಲ. ಮಳೆಗಾಲ ಕಳೆದು, ಮತ್ತೊಂದು ಚಳಿಗಾಲ ಬಂದು, ನಾನು ಜಿರಾಫೆಯ ಮೈಮೇಲಿನ ಮಚ್ಚೆಗಳನ್ನೆಲ್ಲ ಗುರುತು ಹಿಡಿಯುವಷ್ಟಾದ ಮೇಲೆ ಒಂದು ದಿನ ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಳ್ಳುತ್ತಾ ಹೇಳಿದರು: “ಇನ್ನು ಇದನ್ನ ಆಸ್ತಮಾ ಅಂತ್ಲೇ ಕರೆಯೋಣ. ದಿನಾ ಬೆಳಿಗ್ಗೆ ಸಾಯಂಕಾಲ ಒಂದು ಪಂಪು. ಹೆಚ್ಚಾದಾಗ ಇನ್ನೊಂದು ಪಂಪು, ನೀಲಿದು. ಇದನ್ನ ನಾನು ವಾಸಿ ಮಾಡಲ್ಲ, ಹತೋಟಿಲಿ ಇಡ್ತೀನಿ.”

ಹೊರಗೆ ಬಂದಾಗ ಗಿರಿಜ ಹೇಳಿದಳು, “ಹತೋಟಿಲಿರುತ್ತೆ ಅಂದ್ರಲ್ಲ, ಸಾಕು ಬಿಡಿ.” ನನಗೆ ಕೇಳಿಸಿದ್ದು ವಾಸಿ ಮಾಡಲ್ಲ ಎಂಬ ಎರಡೇ ಪದ. ಒಂದೇ ಕೋಣೆಯಲ್ಲಿ ಕೂತು ಒಂದೇ ಮಾತು ಕೇಳಿದ ಗಂಡ ಹೆಂಡಿರು ಎರಡು ಬೇರೆ ಬೇರೆ ಸುದ್ದಿ ಹೊತ್ತುಕೊಂಡು ಮನೆಗೆ ಬಂದೆವು.

ಗುಬ್ಬಿ ತಾಲ್ಲೂಕಿನ ಊರಿನಲ್ಲಿ ಅಣ್ಣನ ಜೊತೆಗಿರುವ ಅಮ್ಮನಿಗೆ ಫೋನು ಮಾಡಿದೆ.

“ದಮ್ಮಾ?” ಅಂದಳು ಅಮ್ಮ. “ನಮ್ಮನೇಲಿ ಯಾರ್ಗಿತ್ಲಾ ದಮ್ಮು? ನಿಮ್ಮಪ್ಪ ಸಾಯೋ ಗಂಟ ತೆಂಗಿನ್ಮರ ಹತ್ತವ್ರೆ. ಕುಣಿಗಲ್ ಕಡೆಯೋರ್ಗೆ ಇತ್ತೇನೋ, ಕೇಳು.”

ಗಿರಿಜಳ ತವರು ಕುಣಿಗಲ್. ಅಲ್ಲಿಂದಲೂ ಅದೇ ಹೊತ್ತಿಗೆ ಫೋನು ಬಂದಿತ್ತು. ನಮ್ಮಲ್ಲಿ ಯಾರಿಗೂ ಇಲ್ಲ, ಗುಬ್ಬಿ ಕಡೆಯಿಂದಲೇ ಬಂದಿರಬೇಕು ಅಂತ. ಹೀಗೆ ಮಗಳ ಕಾಯಿಲೆ ಎರಡು ತಾಲ್ಲೂಕುಗಳ ಗಡಿ ವಿವಾದವಾಗಿ ಇವತ್ತಿಗೂ ಬಗೆಹರಿದಿಲ್ಲ.

ಆಮೇಲೆ ನಾನು ಓದಲು ಶುರುಮಾಡಿದೆ. ಇದು ನಮ್ಮಂಥವರಿಗೆ ಯಾರೂ ಕೊಡಬಾರದ ಸ್ವಾತಂತ್ರ್ಯ. ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಫೋನಿನಲ್ಲಿ ಮಕ್ಕಳ ಅಲರ್ಜಿ, ಉಬ್ಬಸದ ಬಗ್ಗೆ ಹೊಸದಾಗಿ ಬಂದ ಸಂಶೋಧನೆಯ ಸುದ್ದಿ ಯಾವುದಿದ್ದರೂ ಓದುತ್ತಿದ್ದೆ. ಸಿಸೇರಿಯನ್ ಆಗಿ ಹುಟ್ಟಿದ ಮಕ್ಕಳಲ್ಲಿ ಸ್ವಲ್ಪ ಹೆಚ್ಚಿರಬಹುದಂತೆ. ಹೌದು, ನಮ್ಮದು ಸಿಸೇರಿಯನ್. ಹುಟ್ಟಿದ ಮೊದಲ ವರ್ಷ ಆಂಟಿಬಯಾಟಿಕ್ ಕೊಟ್ಟಿದ್ದರೆ ಅದಕ್ಕೂ ಇದಕ್ಕೂ ಸಂಬಂಧ ಇರಬಹುದಂತೆ. ಹೌದು, ಕೊಟ್ಟಿದ್ದೆವು, ನಾನೇ ಕೇಳಿ ಬರೆಸಿಕೊಂಡಿದ್ದೆ. ದೊಡ್ಡ ರಸ್ತೆಯ ಪಕ್ಕ ಮನೆಯಿದ್ದರೆ ಕಷ್ಟವಂತೆ. ಹೌದು ಸ್ವಾಮಿ, ಬಟವಾಡಿ. ಒಂದು ಕಾಲದಲ್ಲಿ ಕೂಸಿಗೆ ಕಡಲೆಬೀಜ ತೋರಿಸಲೇಬೇಡಿ ಅಂದವರು ಈಗ ಮೊದಲ ವರ್ಷವೇ ಅರೆದು ನೆಕ್ಕಿಸಿ, ಅಲರ್ಜಿ ಬರುವುದು ಕಮ್ಮಿಯಾಗುತ್ತದೆ ಅನ್ನುತ್ತಿದ್ದಾರೆ. ನಾವು ಹಳೇ ಮಾತನ್ನು ಶ್ರದ್ಧೆಯಿಂದ ಪಾಲಿಸಿದವರು. ಪ್ರಪಂಚದ ಯಾವುದೋ ಮೂಲೆಯ ಪ್ರಯೋಗಾಲಯದಲ್ಲಿ ಬಿಳೀ ಕೋಟು ಹಾಕಿಕೊಂಡವರೆಲ್ಲ ಸೇರಿ ನನ್ನೊಬ್ಬನ ಮೇಲೆ ಚಾರ್ಜ್‌ಶೀಟು ತಯಾರಿಸುತ್ತಿದ್ದಾರೆ ಎನ್ನಿಸುತ್ತಿತ್ತು.

ಅದರಲ್ಲಿ ಒಂದು ಸುದ್ದಿ ಮಾತ್ರ ನನ್ನನ್ನು ಬಸ್ಸಿನ ಸೀಟಿನಲ್ಲೇ ನೆಟ್ಟಗೆ ಕೂರಿಸಿತು. ಹಸು ಎಮ್ಮೆ ಸಾಕುವ ಮನೆಗಳಲ್ಲಿ, ಕೊಟ್ಟಿಗೆಯ ಧೂಳಿನಲ್ಲಿ ಬೆಳೆದ ಮಕ್ಕಳಿಗೆ ಅಲರ್ಜಿಯೂ ಉಬ್ಬಸವೂ ಕಡಿಮೆಯಂತೆ. ಆ ಧೂಳಿನಲ್ಲಿ ಇರುವ ಸೂಕ್ಷ್ಮಜೀವಿಗಳೇ ಮಗುವಿನ ದೇಹಕ್ಕೆ ಯಾವುದಕ್ಕೆ ಹೆದರಬೇಕು ಯಾವುದಕ್ಕೆ ಬೇಡ ಎಂದು ಕಲಿಸುತ್ತವಂತೆ. ನಮ್ಮ ಊರಿನ ಮನೆಯ ಪಕ್ಕದಲ್ಲೇ ಕೊಟ್ಟಿಗೆ! ನಾನು ಬಸ್ಸಿಳಿದವನು ಸೀದಾ ಕ್ಲಿನಿಕ್ಕಿಗೆ ಹೋದೆ.

ಡಾಕ್ಟರಮ್ಮ ಫೋನಿನಲ್ಲಿದ್ದ ಸುದ್ದಿಯನ್ನು ಪೂರ್ತಿ ಓದಿದರು. ಇದು ಅವರ ದೊಡ್ಡತನ. “ನಿಜಾನೇ ಇದು,” ಅಂದರು. “ಆದ್ರೆ ಇದು ತಾಯಿ ಹೊಟ್ಟೇಲಿದ್ದಾಗ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಆಗ್ಬೇಕಾದ ಪಾಠ. ನಿಮ್ಮ ಮಗಳಿಗೆ ಈಗ ಏಳು ವರ್ಷ. ಈಗ ಕೊಟ್ಟಿಗೆ ಧೂಳು ಅವಳಿಗೆ ಮೇಷ್ಟ್ರಲ್ಲ, ಬರೀ ಧೂಳು.”

“ಅಂದ್ರೆ ತಡವಾಯ್ತು.”

“ತಡ ಅಂತ ಅಲ್ಲ... ಹೌದು, ತಡವಾಯ್ತು.”

ವಿಜ್ಞಾನ ಮುಂದುವರಿಯುವುದು ಅಂದರೆ ಇದೇ ಇರಬೇಕು ಎಂದುಕೊಂಡೆ. ನಾವು ಏನು ಮಾಡಬೇಕಿತ್ತು ಎಂಬುದು ವರ್ಷ ವರ್ಷಕ್ಕೂ ಹೆಚ್ಚು ಸ್ಪಷ್ಟವಾಗುತ್ತಾ ಹೋಗುತ್ತದೆ.

ಆದರೂ ದಸರಾ ರಜೆಗೆ ಊರಿಗೆ ಹೋದೆವು. ವಾಸಿಯಾಗಲಿ ಎಂದಲ್ಲ. ಹೆದ್ದಾರಿಯ ಪಕ್ಕ ಒಂದು ಕಡೆ ಅಗೆದು ಹಾಕಿದ್ದರು, ಮಗಳು ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೆಮ್ಮುತ್ತಿದ್ದಳು. ಅಣ್ಣ ಫೋನಿನಲ್ಲಿ ಬೈದ. “ಏನ್ಲಾ, ಆ ಲಾರಿ ಹೊಗೇಲಿ ಮಗೀನ ಸಾಯಿಸ್ಬೇಕು ಅಂತಿದ್ದೀಯ? ತೋಟದ್ ಗಾಳಿ ಐತೆ, ಕರ್ಕಂಡ್ ಬಾ. ಕೊಬ್ಬರಿ ಬೇರೆ ಇಳಿಸ್ಬೇಕು, ನೀನೂ ಒಂದ್ ಕೈ ಹಾಕು.”

ಹೊರಡುವ ಮುಂಚೆ ನಾನು ಎಲ್ಲವನ್ನೂ ಯೋಚಿಸಿದ್ದೆ. ಕೊಟ್ಟಿಗೆಯ ಕಡೆ ಅವಳನ್ನು ಬಿಡಬಾರದು. ಒಲೆ ಉರಿಯುವಾಗ ಅಡುಗೆಮನೆಗೆ ಹೋಗಬಾರದು. ಹತ್ತಿಯ ದಿಂಬು ಬೇಡ, ಮನೆಯ ದಿಂಬೇ ಒಯ್ಯಬೇಕು. ತೋಟದ ಬಾವಿಗೆ ಕಟ್ಟೆ ಇಲ್ಲ. ಜೇನು ಇದೆ, ಹಾವು ಇದೆ. ಗುಬ್ಬಿಯ ಆಸ್ಪತ್ರೆಗೆ ಎಷ್ಟು ದೂರ, ಅಣ್ಣನ ಓಮ್ನಿಯ ಬ್ಯಾಟರಿ ಹೇಗಿದೆ. ಎರಡು ನೀಲಿ ಪಂಪು, ಒಂದು ಬ್ಯಾಗಿನಲ್ಲಿ, ಒಂದು ನನ್ನ ಪ್ಯಾಂಟಿನ ಜೇಬಿನಲ್ಲಿ. ಔಷಧಿ ಒಳಗೆ ಸರಿಯಾಗಿ ಹೋಗಲು ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ ಒಂದೇ ಇತ್ತು, ಅದು ಬ್ಯಾಗಿನಲ್ಲಿ.

ಮೊದಲ ಕೆಲವು ದಿನ ಪೂರ್ವಿ ಒಂದು ಸಲವೂ ಕೆಮ್ಮಲಿಲ್ಲ. ತೋಟದ ತುಂಬ ಓಡಿದಳು. ಅವಳು ಓಡುವುದನ್ನು ನಾನು ಅಷ್ಟು ಹೊತ್ತು ನೋಡಿರಲೇ ಇಲ್ಲ. ತಟ್ಟೆಯಲ್ಲಿದ್ದ ಮುದ್ದೆಯನ್ನು ಮುಗಿಸಿ ಇನ್ನರ್ಧ ಹಾಕಿಸಿಕೊಂಡಳು. ಗಿರಿಜ ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂತು, “ಇಲ್ಲೇ ಎಲ್ಲಾದ್ರೂ ಸ್ಕೂಲು ನೋಡೋಣ್ವೇನ್ರೀ?” ಅಂದಳು. ಗಿರಿಜ ಸುಮ್ಮನೆ ಆಸೆ ಪಡುವವಳಲ್ಲ. ಅವಳ ಬಾಯಿಂದ ಆ ಮಾತು ಬಂದಾಗ ನಾನೂ ಒಂದಿಷ್ಟು ಆಸೆ ಪಟ್ಟೆ. ದಿನಾ ಗುಬ್ಬಿಯಿಂದ ವಸಂತನರಸಾಪುರಕ್ಕೆ ಹೋಗಿ ಬರುವುದು ಹೇಗೆಂದು ಬಸ್ಸಿನ ಟೈಮು ಕೂಡ ವಿಚಾರಿಸಿದೆ.

ಆಮೇಲೆ ಕೊಬ್ಬರಿ ಇಳಿಸುವ ದಿನ ಬಂತು.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಬಲಿತ ತೆಂಗಿನಕಾಯಿಯನ್ನು ಮನೆಯ ಅಟ್ಟದ ಮೇಲೆ ರಾಶಿ ಹಾಕಿ ಸುಮಾರು ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರೆ ಆ ಉಂಡೆ, ನಮ್ಮ ಮಾತಿನಲ್ಲಿ ಗಿಟುಕು, ಒಳಗೆ ಗಡಗಡ ಅನ್ನಬೇಕು. ಆಗ ಇಳಿಸಿ, ಸುಲಿದು, ಒಡೆಯುವುದು. ನಾನು ಹುಟ್ಟಿದ್ದು ಆ ಅಟ್ಟದ ಕೆಳಗೆ, ಓದಿದ್ದು ಅಲ್ಲಿಂದ ಬಂದ ದುಡ್ಡಿನಲ್ಲಿ. ಬಾವಿ, ಹಾವು, ಜೇನು, ಬ್ಯಾಟರಿ ಎಲ್ಲವೂ ಹೊಳೆದಿದ್ದ ನನಗೆ ತಲೆಯ ಮೇಲಿದ್ದ ಅಟ್ಟ ಹೊಳೆಯಲೇ ಇಲ್ಲ. ಅದು ನನಗೆ ಅಪಾಯದ ಜಾಗವಾಗಿ ಕಂಡದ್ದೇ ಇಲ್ಲ. ಅದು ಮನೆಯ ದೇವರ ಥರ, ಮೇಲೆ ಇರುತ್ತಿತ್ತು.

ನಾಲ್ಕು ಜನ ಮೇಲೆ ಹತ್ತಿ ವರ್ಷದಿಂದ ಅಲುಗಾಡದ ರಾಶಿಯನ್ನು ಕೆದಕಿದರು. ಕಾಯಿ ದಬದಬ ಬೀಳುತ್ತಿದ್ದ ಹಾಗೆ ಸಿಪ್ಪೆಯ ಪುಡಿ, ಇಲಿ ಹಿಕ್ಕೆ, ಬೂಷ್ಟಿನ ಬೂದಿಬಣ್ಣದ ಹಿಟ್ಟು ಎಲ್ಲ ಸೇರಿ ಹಜಾರಕ್ಕೆ ಇಳಿದು ಅಂಗಳಕ್ಕೂ ಹರಡಿತು. ಹಂಚಿನ ಸಂದಿಯಿಂದ ಬಂದ ಬಿಸಿಲಿನಲ್ಲಿ ಆ ಪುಡಿ ಹೊಳೆಯುತ್ತಿತ್ತು. ಅಂಗಳದಲ್ಲಿ ಮಕ್ಕಳೆಲ್ಲ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುವ ಆಟದಲ್ಲಿದ್ದರು. ಪೂರ್ವಿಯೂ ಒಂದು ಕಾಯಿ ಹಿಡಿದು, “ದೊಡ್ಡಪ್ಪ, ಇದು ಮಾತಾಡ್ತಿದೆ!” ಎಂದು ಕೂಗುತ್ತಿದ್ದಳು. ನಾನು ಅಂಗಳದ ಇನ್ನೊಂದು ಬದಿಯಲ್ಲಿ, ಏಣಿ ಜಾರದಂತೆ ಬುಡಕ್ಕೆ ಕಲ್ಲು ಕೊಡುತ್ತಿದ್ದೆ. ಸೇಫ್ಟಿ.

ಊಟದ ಹೊತ್ತಿಗೆ ಗಿರಿಜ ನನ್ನನ್ನು ಕರೆದ ದನಿಯಲ್ಲೇ ಗೊತ್ತಾಯಿತು. ಪೂರ್ವಿ ಕಂಬಕ್ಕೆ ಒರಗಿ ಕೂತಿದ್ದಳು. ಭುಜ ಮೇಲೆ ಕೆಳಗೆ ಆಡುತ್ತಿತ್ತು, ಕೊರಳ ಕೆಳಗಿನ ಗುಳಿ ಉಸಿರಿಗೊಂದು ಸಲ ಒಳಕ್ಕೆ ಹೋಗುತ್ತಿತ್ತು. ನನ್ನ ಜೇಬಿನ ಪಂಪು ತೆಗೆದೆ. ಡಬ್ಬಿ? ಗಿರಿಜ ಬ್ಯಾಗು ತಡಕಾಡಿದಳು. ಇಲ್ಲ.

“ಅಮ್ಮ, ಪೂರ್ವಿ ಡಬ್ಬಿ ಎಲ್ಲಿ?”

ಅಮ್ಮ ಸೆರಗಿನ ಗಂಟಿನಿಂದ ಬೀರುವಿನ ಕೀಲಿ ಬಿಚ್ಚತೊಡಗಿದಳು. ಗಂಟು ಬಿಗಿದುಕೊಂಡಿತ್ತು, ಬಿಚ್ಚಲಿಲ್ಲ. “ಸುಲಿಯಕ್ಕೆ ಬಂದಿರೋ ಜನ ನೋಡುದ್ರೆ ಊರಿಗೆಲ್ಲ ಹೇಳ್ಕಂಡ್ ಬತ್ತಾರೆ ಕಣೋ. ಹೆಣ್ಮಗು. ನಾಳೆ ಯಾರಾದ್ರೂ ಕೇಳ್ಕಂಡ್ ಬಂದಾಗ... ಅದ್ಕೇ ಎತ್ತಿಟ್ಟೆ.” ಏಳು ವರ್ಷದ ಮಗುವಿಗೆ ಗಂಡು ಬರುವ ಕಾಲಕ್ಕೆ ಎಂದು ಅಮ್ಮ ಆ ಪ್ಲಾಸ್ಟಿಕ್ ಡಬ್ಬಿಯನ್ನು ತನ್ನ ಧಾರೆ ಸೀರೆಯ ಕೆಳಗೆ ಬಚ್ಚಿಟ್ಟಿದ್ದಳು. ನಾನು ಅವಳನ್ನು ಬೈಯಲಿಲ್ಲ. ಬೈಯುವಷ್ಟು ಉಸಿರು ನನಗೂ ಇರಲಿಲ್ಲ. ಅತ್ತಿಗೆ ಗಂಟನ್ನು ಕುಡುಗೋಲಿನಿಂದ ಕೊಯ್ದು ಕೀಲಿ ಕೊಟ್ಟರು.

ಪಂಪು ಕೊಟ್ಟೆವು, ಮತ್ತೆ ಕೊಟ್ಟೆವು. ಸ್ವಲ್ಪ ಸಡಿಲವಾಯಿತು, ಸಾಲಲಿಲ್ಲ. ಅಣ್ಣ ಮೈಗೆ ಹತ್ತಿದ ಬೂಷ್ಟು ಕೊಡವಿ, ಬನಿಯನ್ನಿನಲ್ಲೇ ಓಮ್ನಿ ತೆಗೆದ. ದಾರಿಯುದ್ದಕ್ಕೂ ಒಂದೇ ಮಾತು: “ಏನೂ ಆಗಲ್ಲ ಬುಡು. ಏನೂ ಆಗಲ್ಲ.” ಯಾರಿಗೆ ಹೇಳುತ್ತಿದ್ದನೋ. ಪೂರ್ವಿ ಗಿರಿಜಳ ಎದೆಗೆ ಬೆನ್ನು ಕೊಟ್ಟು ಕೂತು, ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದ್ದ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ಅವಳನ್ನೇ ನೋಡುತ್ತಿದ್ದೆ. ಗುಬ್ಬಿ ಬರುವವರೆಗೆ ಇಬ್ಬರೂ ಕಣ್ಣು ಕೀಳಲಿಲ್ಲ.

ಆಸ್ಪತ್ರೆಯಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಕರೆಂಟು ಇತ್ತು, ಡಾಕ್ಟರು ಇದ್ದರು, ಆಮ್ಲಜನಕ ಇತ್ತು. ನೆಬ್ಯುಲೈಸರ್ ಹಚ್ಚಿ, ಕೈಗೆ ಸೂಜಿ ಹಾಕಿ, ಮಗುವಿನ ತುಟಿಗೆ ಬಣ್ಣ ಬರುವವರೆಗೆ ನರ್ಸಮ್ಮ ಪಕ್ಕದಲ್ಲೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ಸಾರ್, ಮಗು ಚೆನ್ನಾಗೈತೆ. ನೀವು ಕೂತ್ಕಳಿ ಮೊದ್ಲು. ನೀವು ಬಿದ್ರೆ ಹಾಕಕ್ಕೆ ನಮ್ಮತ್ರ ಬೆಡ್ಡಿಲ್ಲ.”

ಗಿರಿಜ ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಅಳತೊಡಗಿದಳು. ನಮ್ಮ ಮದುವೆಯಾದ ಮೇಲೆ ಅವಳು ಅತ್ತಿದ್ದನ್ನು ನಾನು ನೋಡಿದ್ದು ಕಡಿಮೆ. ಧೈರ್ಯದ ಇಲಾಖೆ ಅವಳದು, ಹೆದರಿಕೆಯ ಇಲಾಖೆ ನನ್ನದು ಎಂದು ನಾವು ಹಂಚಿಕೊಂಡಿದ್ದೆವು. ಅವತ್ತು ಅವಳ ಇಲಾಖೆ ರಜೆ ಹಾಕಿತ್ತು. ಅಣ್ಣ ಬನಿಯನ್ನಿನಲ್ಲೇ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನು ಕಂಡು, “ಹಂಗಾರೆ ಇಲ್ಲೂ ಆಗಕ್ಕಿಲ್ವೇನ್ಲಾ ಮಗೀಗೆ?” ಅಂದ. ಅವನು ನನಗಿಂತ ದೊಡ್ಡವನು, ಅವನಿಗೆ ಉತ್ತರ ಗೊತ್ತಿತ್ತು.

ತುಮಕೂರಿಗೆ ವಾಪಸು ಬಂದು ಡಾಕ್ಟರಮ್ಮನ ಎದುರು ಕೂತೆವು. ಬೂಷ್ಟು ಪೂರ್ವಿಯ ಎದೆಗೆ ಆಗುವುದಿಲ್ಲ, ಹೆದ್ದಾರಿಯ ಧೂಳೂ ಆಗುವುದಿಲ್ಲ, ಹಾಸಿಗೆಯ ಧೂಳಿನ ಹುಳುವೂ ಬಹುಶಃ ಆಗುವುದಿಲ್ಲ ಅಂದರು. ನಾನು ಫೋನಿನಲ್ಲಿ ಓದಿದ್ದ ಹೊಸ ಇಂಜೆಕ್ಷನ್ನುಗಳ ಬಗ್ಗೆ ಕೇಳಿದೆ.

“ಇವೆ. ಆಸ್ತಮಾ ತುಂಬಾ ಕೆಟ್ಟಿರೋ ಮಕ್ಕಳಿಗೆ ಕೊಡ್ತಾರೆ. ಪೂರ್ವಿದು ಅಷ್ಟು ಕೆಟ್ಟಿಲ್ಲ.”

“ದೊಡ್ಡೋಳಾದ್ಮೇಲೆ ಹೋಗುತ್ತಾ ಮೇಡಂ?”

“ಕೆಲವರಿಗೆ ಹೋಗುತ್ತೆ. ಕೆಲವರಿಗೆ ಹೋದಂಗಿದ್ದು ಮತ್ತೆ ಬರುತ್ತೆ. ನಿಮ್ಮ ಮಗಳು ಯಾವ ಕಡೆ ಅಂತ ನಂಗೆ ಹೇಳಕ್ಕಾಗಲ್ಲ. ಸುಳ್ಳು ಹೇಳಲ್ಲ ನಾನು.”

ಹೊಸ ಔಷಧಿ ಸಿಗುವಷ್ಟು ಕೆಟ್ಟಿಲ್ಲ, ಮರೆತು ಬದುಕುವಷ್ಟು ಒಳ್ಳೆಯದಾಗಿಲ್ಲ. ನಾವು ಇರುವುದು ಆ ನಡುವಿನ ಜಾಗದಲ್ಲಿ. ಬಹಳ ಜನ ಅಲ್ಲೇ ಇದ್ದಾರೆ, ಆದರೆ ಅದಕ್ಕೊಂದು ಹೆಸರಿಲ್ಲ.

ಡಾಕ್ಟರಮ್ಮ ಪೂರ್ವಿಯನ್ನು ಹತ್ತಿರ ಕರೆದು ಅವಳ ಎರಡೂ ಕೈ ಹಿಡಿದುಕೊಂಡರು. “ನೋಡು ಪುಟ್ಟಿ, ಎದೆ ಬಿಗಿ ಅನ್ನಿಸಿದ ತಕ್ಷಣ ಅಪ್ಪಂಗೋ ಅಮ್ಮಂಗೋ ಹೇಳ್ಬೇಕು. ಜಾಸ್ತಿ ಆಗೋಕೆ ಬಿಡ್ಬಾರ್ದು. ಮೊದ್ಲೇ ಹೇಳಿದ್ರೆ ನಾವು ಗೆಲ್ತೀವಿ. ಆಯ್ತಾ?” ಪೂರ್ವಿ ತಲೆಯಾಡಿಸಿದಳು. ಆಮೇಲೆ ನಮಗೆ ಹೇಳಿದರು: “ನಿಮ್ಮ ಕೈಲಿರೋದು ಇಷ್ಟೇ. ದಿನದ ಪಂಪು ತಪ್ಪಿಸ್ಬೇಡಿ. ಅವಳು ಹೇಳಿದ್ದನ್ನ ಕೇಳಿಸ್ಕೊಳಿ. ಎಷ್ಟೋ ಸಲ ಹೊರಗೆ ಸದ್ದೇ ಇರಲ್ಲ, ಒಳಗೆ ಬಿಗಿದಿರುತ್ತೆ. ಅವಳೇ ಹೇಳ್ಬೇಕು.”

ಹಳ್ಳಿ ಇಲ್ಲ, ಪೇಟೆ ಇಲ್ಲ, ವಾಸಿ ಇಲ್ಲ. ಉಳಿದಿದ್ದು ಮಗಳ ಬಾಯಿಂದ ಬರುವ ಒಂದು ಮಾತು. ಆ ಮಾತನ್ನು ನಾನು ಕಾಯತೊಡಗಿದೆ. ಕಾಯುವುದೆಂದರೆ ಕೇಳುವುದು: ಹಲ್ಲುಜ್ಜುವಾಗ, “ಹೇಗಿದೀಯ?” ಸ್ಕೂಲಿನ ಗೇಟಿನಲ್ಲಿ, “ಹೇಗಿದೀಯ?” ಅವಳು ಟೀವಿ ನೋಡುತ್ತಿದ್ದರೆ ನಾನು ಟೀವಿ ನೋಡುವವನಂತೆ ಕೂತು ಅವಳ ಬೆನ್ನು ನೋಡುತ್ತಿದ್ದೆ. ಎದೆಗೆ ಕಿವಿ ಕೊಡಲು ಹೋಗಿ ಎಷ್ಟೋ ಸಲ ಅವಳ ಹೋಮ್‌ವರ್ಕು ಕೆಡಿಸಿದ್ದೇನೆ.

“ಅವಳಿಗೆ ಆಸ್ತಮಾ ಇರೋದು, ನಿಮ್ಗೆ ಏನ್ರೀ?” ಅನ್ನುತ್ತಿದ್ದಳು ಗಿರಿಜ.

ಈಚೆಗೆ ಗಿರಿಜಳ ತಂಗಿ ಕುಣಿಗಲ್ಲಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ನನಗೆ ಆಹ್ವಾನ ಪತ್ರಿಕೆ ಬಂದ ದಿನದಿಂದಲೇ ನಿದ್ದೆ ಕೆಟ್ಟಿತ್ತು. ಹೋಮದ ಹೊಗೆ. ಹೊಸಾ ಪೇಂಟಿನ ವಾಸನೆ. ಸಾಂಬ್ರಾಣಿ. ಬಾಡಿಗೆ ಜಮಖಾನ. ಬಂದವರು ಹೊಡೆದುಕೊಂಡ ಸೆಂಟು. ಅಲ್ಲಿಂದ ಕುದುರೆ ಫಾರಮ್ಮು ದೂರವಿಲ್ಲ, ಕುದುರೆಯ ಕೂದಲಿಗೂ ಅಲರ್ಜಿ ಇರುತ್ತದೆಂದು ಓದಿದ್ದೆ. ಗಿರಿಜ ಎಲ್ಲವನ್ನೂ ಕೇಳಿಸಿಕೊಂಡು, “ಕುದುರೆಗಳನ್ನ ಗೃಹಪ್ರವೇಶಕ್ಕೆ ಕರೆದಿಲ್ಲ” ಅಂದಳು.

ಹೋಮ ಮುಗಿಯುವವರೆಗೆ ಪೂರ್ವಿಯನ್ನು ನಾನು ಹೊರಗೇ ಇಟ್ಟುಕೊಂಡಿದ್ದೆ. ಪೇಂಟಿನ ವಾಸನೆಯಿದ್ದ ಕೋಣೆಗಳ ಕಿಟಕಿಗಳನ್ನು ಮನೆಯವರನ್ನೂ ಕೇಳದೆ ತೆರೆದೆ. ಜಮಖಾನದ ಮೇಲೆ ಕೂರಬೇಡ ಎಂದು ಕುರ್ಚಿ ಹಾಕಿದೆ. ನೀಲಿ ಪಂಪು ಮತ್ತು ಡಬ್ಬಿ ಇದ್ದ ಸಣ್ಣ ಚೀಲವನ್ನು ಅವಳ ಹೆಗಲಿಗೇ ಹಾಕಿದ್ದೆ, ಯಾರೂ ಬೀರುವಿಗೆ ಸೇರಿಸದಿರಲಿ ಎಂದು. ಪಾಯಸದ ಊಟವಾಯಿತು. ಮಕ್ಕಳೆಲ್ಲ ತಾರಸಿಯ ಮೇಲೆ ಆಡಿದರು. ಅರ್ಧ ಗಂಟೆಗೊಮ್ಮೆ ನಾನು ಮೆಟ್ಟಿಲು ಹತ್ತಿ, “ಹೇಗಿದೀಯ?” ಅನ್ನುತ್ತಿದ್ದೆ, ಅವಳು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದಳು. ಸಾಯಂಕಾಲ ಹೊರಡುವ ಹೊತ್ತಿಗೆ ನನಗೆ ನಂಬಿಕೆಯೇ ಬರಲಿಲ್ಲ. ಏನೂ ಆಗಿರಲಿಲ್ಲ.

ಚಪ್ಪಲಿ ಹುಡುಕುತ್ತಿದ್ದಾಗ ಗಿರಿಜಳ ತಂಗಿಯ ಮಗಳು ಹರ್ಷಿತ ಹತ್ತಿರ ಬಂದಳು. ಅವಳು ಪೂರ್ವಿಗಿಂತ ಎರಡು ವರ್ಷ ದೊಡ್ಡವಳು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಕಷ್ಟ ಮುಖದಲ್ಲೇ ಕಾಣುತ್ತಿತ್ತು.

“ದೊಡ್ಡಪ್ಪ, ಒಂದ್ ಹೇಳ್ತೀನಿ, ಅವ್ಳಿಗೆ ಬೈಬಾರ್ದು.”

“ಬೈಯಲ್ಲ. ಏನು?”

“ಪೂರ್ವಿ ಬಾತ್‌ರೂಮಲ್ಲಿ ಬಾಗ್ಲು ಹಾಕ್ಕೊಂಡು ಪಂಪ್ ಹೊಡ್ಕೊಂಡ್ಲು. ಎರಡ್ ಸಲ ಹೋಗಿದ್ಲು. ನಲ್ಲಿ ಬಿಟ್ಕೊಂಡಿದ್ಲು, ಸದ್ದು ಕೇಳ್ಬಾರ್ದು ಅಂತ. ನಿಮ್ಗೆ ಹೇಳ್ಬೇಡ ಅಂದವ್ಳೆ.”

ಪೂರ್ವಿ ಗೇಟಿನ ಹತ್ತಿರ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ಎದೆ ಬಿಗಿ ಆಗಿತ್ತಾ ಪುಟ್ಟಿ?”

ಅವಳಿಗೆ ಯಾರು ಹೇಳಿದ್ದೆಂದು ಗೊತ್ತಾಯಿತು. ಹರ್ಷಿತಳ ಕಡೆ ಒಂದು ಸಲ ದುರುಗುಟ್ಟಿ ನೋಡಿದಳು. “ಸ್ವಲ್ಪ ಆಗಿತ್ತು. ಹೊಡ್ಕೊಂಡೆ, ಹೋಯ್ತು.”

“ನಂಗೆ ಯಾಕೆ ಹೇಳ್ಲಿಲ್ಲ? ಡಾಕ್ಟರ್ ಆಂಟಿ ಏನ್ ಹೇಳಿದ್ರು?”

“ಹೇಳಿದ್ರೆ ನಿನ್ ಮುಖ ಹಂಗಾಗುತ್ತಲ್ಲ.”

“ಹೆಂಗೆ?”

ಅವಳು ಮಾಡಿ ತೋರಿಸಿದಳು. ಬಾಯಿ ಸ್ವಲ್ಪ ತೆರೆಯಿತು, ಹುಬ್ಬು ಮೇಲೆ ಹೋಯಿತು, ಕಣ್ಣು ಒಂದೇ ಕಡೆ ನೆಟ್ಟಿತು. ಅಣಕಿಸುವ ಉದ್ದೇಶ ಇರಲಿಲ್ಲ. ನಾನು ಕೇಳಿದ್ದಕ್ಕೆ ತೋರಿಸಿದಳು, ಅಷ್ಟೇ. ಆ ಮುಖವನ್ನು ನಾನು ಹೊರಗಿನಿಂದ ಯಾವತ್ತೂ ನೋಡಿರಲಿಲ್ಲ.

“ಅದನ್ನ ನೋಡಿದ್ರೆ ನಂಗೆ ಸತ್ತೋಗ್ತೀನೇನೋ ಅನ್ಸುತ್ತೆ,” ಅಂದಳು. “ಆಮೇಲೆ ಇನ್ನೂ ಜಾಸ್ತಿ ಆಗುತ್ತೆ. ಅದ್ಕೇ ನಾನೇ ಮಾಡ್ಕೊಂಡ್ಬಿಡ್ತೀನಿ. ಸ್ಕೂಲಲ್ಲೂ ಹಂಗೇ.”

ಸ್ಕೂಲಲ್ಲೂ. ಎಷ್ಟು ದಿನದಿಂದ ಎಂದು ಕೇಳುವ ಧೈರ್ಯ ಆಗಲಿಲ್ಲ. ಗಿರಿಜ ಗೇಟಿನ ಆಚೆ ಆಟೊ ನಿಲ್ಲಿಸಿ ನಮ್ಮನ್ನು ಕರೆಯುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ, ಹುಬ್ಬು ಇಳಿಸಿದೆ, ಕಣ್ಣನ್ನು ಬೇರೆ ಕಡೆ ಹೊರಳಿಸಿದೆ. ಮುಖದಲ್ಲಿ ಇನ್ನೇನೇನು ಇರುತ್ತದೋ ಎಲ್ಲವನ್ನೂ ಸರಿಪಡಿಸಿಕೊಂಡೆ. ಆಮೇಲೆ ಆದಷ್ಟು ಸಲೀಸಾಗಿ, ಏನೋ ಮಾತಿಗೆ ಕೇಳುವವನ ಹಾಗೆ ಕೇಳಿದೆ.

“ಈಗ ಹೇಗಿದೀಯ?”

ಉತ್ತರ ಕೊಡುವ ಮೊದಲು ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು.

“ಚೆನ್ನಾಗಿದೀನಿ ಅಪ್ಪ,” ಅಂದಳು.